ಮದರ್‌ಬೋರ್ಡ್ ಬಾಕ್ಸಿನಲ್ಲಿ ಸಿಗುವ ಆ ತೂತಿನ ತಗಡು ಎಲ್ಲಿಗೆ, ಯಾಕೆ, ಹೇಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಪಾಡುವ ಚಿಪ್) ಬೇಕು ಅನ್ನುತ್ತದೆ, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಇರಲಿ ಅನ್ನುತ್ತದೆ. ಹಾಗಾಗಿ ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡವರು ಒಂದು ಲೆಕ್ಕ ಹಾಕುತ್ತಾರೆ. ಕ್ಯಾಬಿನೆಟ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), ಮಾನಿಟರ್ ಎಲ್ಲ ಚೆನ್ನಾಗೇ ಇದೆ, ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನು ಬದಲಾಯಿಸಿದರೆ ಸಾಕಲ್ವಾ?

ಬಹಳಷ್ಟು ಸಲ ಸಾಕು. ಆದರೆ ಹೊಸ ಬೋರ್ಡಿನ ಬಾಕ್ಸ್ ತೆರೆದಾಗ ಕೇಬಲ್, ಪುಟ್ಟ ಪುಸ್ತಕ, ಒಂದೆರಡು ಸ್ಕ್ರೂಗಳ ಜೊತೆಗೆ ತೂತು ತೂತಿನ ಒಂದು ತೆಳು ತಗಡೂ ಸಿಗುತ್ತದೆ. ಹೊಸಬರು ಅದನ್ನು ಪ್ಯಾಕಿಂಗ್ ಸಾಮಾನು ಅಂದುಕೊಂಡು ಬಾಕ್ಸಿನಲ್ಲೇ ಬಿಡುತ್ತಾರೆ. ಬೋರ್ಡು ಕೂರಿಸಿ, ಸ್ಕ್ರೂ ಬಿಗಿದು, ಹತ್ತಾರು ವೈರುಗಳನ್ನು ಸಿಕ್ಕಿಸಿ, ಕ್ಯಾಬಿನೆಟ್ ತಿರುಗಿಸಿ ನೋಡಿದಾಗ ಹಿಂದೆ ಪೋರ್ಟುಗಳ ಸುತ್ತ ದೊಡ್ಡ ಕಿಂಡಿ ಬಾಯಿಬಿಟ್ಟುಕೊಂಡಿರುತ್ತದೆ. ಆಗ ಎಲ್ಲ ಬಿಚ್ಚದೆ ಬೇರೆ ದಾರಿಯಿಲ್ಲ. ಈ ತಗಡು ಬೋರ್ಡಿಗಿಂತ ಮೊದಲು ಕೂರಬೇಕು. ಯಾಕೆ ಅನ್ನುವುದು ಅದರ ಆಕಾರ ನೋಡಿದರೆ ಅರ್ಥವಾಗುತ್ತದೆ.

ಏನಿದು ತಗಡು?

ಕಂಪನಿಗಳು ಇದನ್ನು ಐ/ಒ (ಇನ್‌ಪುಟ್/ಔಟ್‌ಪುಟ್) ಶೀಲ್ಡ್ ಅನ್ನುತ್ತವೆ. ಅಂಗಡಿಗಳಲ್ಲಿ ಐ/ಒ ಪ್ಲೇಟ್ ಅಥವಾ ಬ್ಯಾಕ್ ಪ್ಲೇಟ್ ಅಂದರೂ ನಡೆಯುತ್ತದೆ. ಆದರೆ ಪ್ರೊಸೆಸರ್ ಕೂಲರ್ ಹಿಡಿದುಕೊಳ್ಳಲು ಬೋರ್ಡಿನ ಅಡಿಗೆ ಹಾಕುವ ಪಟ್ಟಿಗೂ ಬ್ಯಾಕ್ ಪ್ಲೇಟ್ ಅನ್ನುವುದುಂಟು, ಆದ್ದರಿಂದ ಕೇಳುವಾಗ ಐ/ಒ ಪ್ಲೇಟ್ ಅಂತಲೇ ಕೇಳಿ.

ಕಂಪ್ಯೂಟರಿಗೆ ಹೊರಗಿನಿಂದ ಏನೇ ಚುಚ್ಚಬೇಕಾದರೂ, ಅಂದರೆ ಕೀಬೋರ್ಡ್, ಮೌಸ್, ಮಾನಿಟರ್, ಇಂಟರ್ನೆಟ್ ಕೇಬಲ್, ಸ್ಪೀಕರ್, ಅದರ ಪೋರ್ಟು ಹೆಚ್ಚಾಗಿ ಮದರ್‌ಬೋರ್ಡಿನ ಒಂದು ಅಂಚಿನಲ್ಲಿ ಸಾಲಾಗಿ ಬೆಸುಗೆಯಾಗಿರುತ್ತದೆ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಆ ಸಾಲು ಹೊರಗೆ ಕಾಣಲಿ ಅಂತ ಒಂದು ಆಯತಾಕಾರದ ಕಿಂಡಿ ಬಿಟ್ಟಿರುತ್ತಾರೆ. ಐ/ಒ ಪ್ಲೇಟ್ ಆ ಕಿಂಡಿಯನ್ನು ಮುಚ್ಚಿ, ಪೋರ್ಟುಗಳಿಗೆ ಮಾತ್ರ ಅವುಗಳ ಆಕಾರಕ್ಕೆ ತಕ್ಕ ತೂತು ಉಳಿಸುತ್ತದೆ.

ಪ್ಲೇಟಿನ ಹೊರ ಅಂಚು ಕ್ಯಾಬಿನೆಟ್ಟಿಗೆ ಸೇರಿದ್ದು, ಅದು ಎಲ್ಲ ಕಡೆ ಒಂದೇ ಅಳತೆ. ಒಳಗಿನ ತೂತುಗಳು ಬೋರ್ಡಿಗೆ ಸೇರಿದ್ದು, ಅವು ಬೋರ್ಡಿನಿಂದ ಬೋರ್ಡಿಗೆ ಬೇರೆ. ಅದಕ್ಕೇ ಪ್ಲೇಟ್ ಕ್ಯಾಬಿನೆಟ್ ಜೊತೆ ಬರದೆ ಬೋರ್ಡಿನ ಬಾಕ್ಸಿನಲ್ಲಿ ಬರುತ್ತದೆ. ಹಳೆಯ ಬೋರ್ಡಿನ ಪ್ಲೇಟನ್ನೇ ಉಳಿಸಿಕೊಂಡು ಹೊಸ ಬೋರ್ಡು ಹಾಕಲು ಆಗದಿರುವುದೂ ಇದೇ ಕಾರಣಕ್ಕೆ.

ಎಲ್ಲ ಕ್ಯಾಬಿನೆಟ್ಟಿಗೂ ಒಂದೇ ಕಿಂಡಿ ಹೇಗಾಯಿತು?

1995ಕ್ಕೆ ಮುಂಚೆ ಈ ಕಿಂಡಿ ಇರಲಿಲ್ಲ. ಐಬಿಎಂ 1984ರಲ್ಲಿ ತಂದ ಪಿಸಿ ಎಟಿ ಮಾದರಿಯನ್ನು ಅನುಸರಿಸಿದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಹಿಂದಕ್ಕೆ ನೇರವಾಗಿ ಕಾಣುತ್ತಿದ್ದುದು ದುಂಡನೆಯ ಕೀಬೋರ್ಡ್ ಪೋರ್ಟು ಒಂದೇ. ಪ್ರಿಂಟರ್, ಮೌಸ್ ಇತ್ಯಾದಿಗಳ ಪೋರ್ಟುಗಳು ಬೇರೆ ಕಾರ್ಡಿನ ಮೇಲೆ ಇರುತ್ತಿದ್ದವು, ಇಲ್ಲವೇ ಬೋರ್ಡಿನಿಂದ ಅಗಲವಾದ ರಿಬ್ಬನ್ ಕೇಬಲ್ ಎಳೆದು ಕ್ಯಾಬಿನೆಟ್ಟಿನ ಹಿಂಬದಿಗೆ ಸಿಕ್ಕಿಸುತ್ತಿದ್ದರು. ಒಳಗೆಲ್ಲ ಕೇಬಲ್ಲುಗಳದೇ ಗೊಂಚಲು.

1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಹೊಸ ಅಳತೆ ಪಟ್ಟಿ ತಂದಿತು. ಪೋರ್ಟುಗಳನ್ನೆಲ್ಲ ಬೋರ್ಡಿನ ಅಂಚಿಗೇ ಬೆಸೆಯಿರಿ, ಕೇಬಲ್ ಗೋಜಲು ಬೇಡ ಅನ್ನುವುದು ಅದರ ಒಂದು ಮುಖ್ಯ ಅಂಶ. ಆದರೆ ಯಾವ ಕಂಪನಿ ಯಾವ ಪೋರ್ಟನ್ನು ಎಲ್ಲಿಡುತ್ತದೆ ಅಂತ ಕ್ಯಾಬಿನೆಟ್ ಮಾಡುವವರಿಗೆ ಹೇಗೆ ಗೊತ್ತಾಗಬೇಕು? ಪೋರ್ಟುಗಳ ಜಾಗವನ್ನೇ ಗಟ್ಟಿಯಾಗಿ ನಿಗದಿ ಮಾಡಿದ್ದರೆ ಮುಂದೆ ಯುಎಸ್‌ಬಿ, ಎಚ್‌ಡಿಎಂಐ ಬಂದಾಗ ಎಲ್ಲ ಕ್ಯಾಬಿನೆಟ್ಟೂ ಗುಜರಿಗೆ ಹೋಗಬೇಕಾಗುತ್ತಿತ್ತು. ಅದರ ಬದಲು ಕಿಂಡಿಯನ್ನು ಮಾತ್ರ ನಿಗದಿ ಮಾಡಿದರು. 6.25 ಇಂಚು ಅಗಲ, 1.75 ಇಂಚು ಎತ್ತರ, ಅಂದರೆ ಸುಮಾರು 159 ಮಿ.ಮೀ. ಮತ್ತು 44 ಮಿ.ಮೀ. ಅದರೊಳಗೆ ಪೋರ್ಟುಗಳನ್ನು ಹೇಗೆ ಬೇಕಾದರೂ ಜೋಡಿಸಿಕೊಳ್ಳಿ, ನಿಮ್ಮ ಜೋಡಣೆಗೆ ತಕ್ಕ ತಗಡನ್ನು ನೀವೇ ಕೊಡಿ ಅಂತ ಬೋರ್ಡ್ ಕಂಪನಿಗಳಿಗೆ ಬಿಟ್ಟರು. 1997ರ ಮೈಕ್ರೋ ಎಟಿಎಕ್ಸ್, 2001ರ ಮಿನಿ ಐಟಿಎಕ್ಸ್ ಬೋರ್ಡುಗಳು ಗಾತ್ರದಲ್ಲಿ ಚಿಕ್ಕವು, ಕಿಂಡಿ ಮಾತ್ರ ಇದೇ. ಇಪ್ಪತ್ತು ವರ್ಷದ ಹಿಂದಿನ ಎಟಿಎಕ್ಸ್ ಕ್ಯಾಬಿನೆಟ್ಟಿಗೆ ಈ ವರ್ಷದ ಬೋರ್ಡು ಹಿಡಿಯುವುದರ ಹಿಂದೆ ಈ ತಗಡಿನ ಪಾಲು ದೊಡ್ಡದು.

ಒಂದು ವಿನಾಯಿತಿ ಇದೆ. ದೊಡ್ಡ ಬ್ರಾಂಡುಗಳ ಕೆಲವು ಆಫೀಸ್ ಕಂಪ್ಯೂಟರುಗಳಲ್ಲಿ ಪೋರ್ಟಿನ ತೂತುಗಳನ್ನು ಕ್ಯಾಬಿನೆಟ್ಟಿನ ತಗಡಿಗೇ ಹೊಡೆದಿರುತ್ತಾರೆ, ಬಿಡಿಯಾದ ಪ್ಲೇಟ್ ಇರುವುದೇ ಇಲ್ಲ. ಸೆಕೆಂಡ್‌ಹ್ಯಾಂಡಿನಲ್ಲಿ ಅಂಥದ್ದನ್ನು ತಂದು ಹೊರಗಿನ ಬೋರ್ಡು ಹಾಕಲು ಹೊರಟರೆ ತಗಡು ಕತ್ತರಿಸುವ ಕೆಲಸ ಕಾದಿರುತ್ತದೆ. ಕೊಳ್ಳುವ ಮುಂಚೆ ಹಿಂದೆ ತಿರುಗಿಸಿ ನೋಡಿ.

ಹಾಕದಿದ್ದರೆ ಏನಾಗುತ್ತದೆ?

ಕಂಪ್ಯೂಟರ್ ಆನ್ ಆಗುತ್ತದೆ, ಕೆಲಸವನ್ನೂ ಮಾಡುತ್ತದೆ. ಪ್ಲೇಟ್ ಇಲ್ಲದೆ ವರ್ಷಗಟ್ಟಲೆ ಓಡುತ್ತಿರುವ ಯಂತ್ರಗಳು ಬೇಕಾದಷ್ಟಿವೆ. ಹಾಗಾದರೆ ಯಾಕೆ ಬೇಕು?

ಮೊದಲನೆಯದು ತೀರಾ ಸಾಮಾನ್ಯ ಸಂಗತಿ, ಧೂಳು ಮತ್ತು ಹುಳಹುಪ್ಪಟೆ. ನಮ್ಮ ಮನೆಗಳಲ್ಲಿ ಹಲ್ಲಿ, ಜಿರಳೆ, ಇಲಿಮರಿಗೆ ಬೆಚ್ಚಗಿನ ಕತ್ತಲೆ ಜಾಗ ಅಂದರೆ ಪ್ರೀತಿ. ಹದಿನಾರು ಸೆಂಟಿಮೀಟರ್ ಉದ್ದದ ಕಿಂಡಿ ಅವುಗಳಿಗೆ ಹೆಬ್ಬಾಗಿಲು. ಇನ್ನು ಹಿಂದಿನ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುವಾಗ ಒಳಗೆ ಗಾಳಿ ಕಡಿಮೆಯಾಗಿ ಸಿಕ್ಕ ಸಂದಿಯಿಂದೆಲ್ಲ ಎಳೆದುಕೊಳ್ಳುತ್ತದೆ. ಮುಂದೆ ಜಾಲರಿ ಫಿಲ್ಟರ್ ಇದ್ದರೂ ಹಿಂದಿನ ಕಿಂಡಿಯಿಂದ ಫಿಲ್ಟರ್ ಇಲ್ಲದ ಗಾಳಿ ನೇರವಾಗಿ ಬೋರ್ಡಿನ ಮೇಲೆ ಬರುತ್ತದೆ.

ಎರಡನೆಯದು ಸ್ವಲ್ಪ ಬಿಡಿಸಿ ಹೇಳಬೇಕಾದ್ದು. ಬೋರ್ಡಿನ ಮೇಲೆ ವಿದ್ಯುತ್ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಏರಿಳಿಯುತ್ತಿರುತ್ತದೆ. ಹೀಗೆ ಏರಿಳಿಯುವ ವಿದ್ಯುತ್ ಇದ್ದ ಕಡೆ ರೇಡಿಯೋ ಅಲೆಗಳು ಹುಟ್ಟಿಯೇ ಹುಟ್ಟುತ್ತವೆ. ಅವು ಹೊರಗೆ ಬಂದರೆ ರೇಡಿಯೋ, ವೈಫೈ, ವೈರ್‌ಲೆಸ್ ಮೌಸ್‌ಗಳಿಗೆ ತೊಂದರೆ ಕೊಡಬಹುದು. ಲೋಹದ ಡಬ್ಬ ಅವನ್ನು ಒಳಗೇ ತಡೆಯುತ್ತದೆ, ಆದರೆ ಡಬ್ಬದಲ್ಲಿ ತೂತಿದ್ದರೆ ಸೋರುತ್ತವೆ. ಎಷ್ಟು ಸೋರುತ್ತವೆ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ತೂತಿನ ಒಟ್ಟು ವಿಸ್ತೀರ್ಣ ಅಲ್ಲ, ಅದರ ಅತಿ ಉದ್ದದ ಬದಿ. ಅಲೆಯ ಉದ್ದದ ಅರ್ಧದಷ್ಟು ಉದ್ದದ ಸಂದಿ ಸಿಕ್ಕರೆ ಆ ಸಂದಿಯೇ ಆಂಟೆನಾದಂತೆ ವರ್ತಿಸುತ್ತದೆ. 159 ಮಿ.ಮೀ. ಕಿಂಡಿಗೆ ಈ ಲೆಕ್ಕ ಹಾಕಿದರೆ ಸುಮಾರು 945 ಮೆಗಾಹರ್ಟ್ಸ್ ಬರುತ್ತದೆ. ಮೊಬೈಲಿನ 900 ಬ್ಯಾಂಡ್ ಇರುವುದು ಅಲ್ಲೇ. ಪ್ಲೇಟ್ ಹಾಕಿದಾಗ ಆ ಒಂದು ಉದ್ದ ಕಿಂಡಿ ಹಲವು ಚಿಕ್ಕ ತೂತುಗಳಾಗಿ ಒಡೆಯುತ್ತದೆ, ಪ್ರತಿ ತೂತಿನಲ್ಲೂ ಪೋರ್ಟಿನ ಲೋಹದ ಕವಚ ತುಂಬಿಕೊಳ್ಳುತ್ತದೆ. ಅಮೆರಿಕದ ಎಫ್‌ಸಿಸಿಯಂಥ ಸಂಪರ್ಕ ನಿಯಂತ್ರಣ ಸಂಸ್ಥೆಗಳು ಇಷ್ಟಕ್ಕಿಂತ ಜಾಸ್ತಿ ಸೋರಬಾರದು ಅಂತ ಮಿತಿ ಇಟ್ಟಿವೆ.

ಒಂದು ಪಕ್ಕಕ್ಕೆ ಇಡೀ ಗಾಜು ಹಾಕಿದ ಕ್ಯಾಬಿನೆಟ್ ನಿಮ್ಮದಾದರೆ ಈ ವಾದಕ್ಕೆ ಅಷ್ಟು ಬಲವಿಲ್ಲ, ಅದು ನಿಜ. ಅಲೆಗಳಿಗೆ ಗಾಜು ಅಡ್ಡಿಯೇ ಅಲ್ಲ.

ಮೂರನೆಯದು ಸ್ಟ್ಯಾಟಿಕ್. ಚಳಿಗಾಲದ ಒಣ ಹವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದೆದ್ದು ಪೆನ್‌ಡ್ರೈವ್ ಚುಚ್ಚಲು ಹೋದಾಗ ಬೆರಳಿನಿಂದ ಚಟಕ್ ಅಂತ ಕಿಡಿ ಹಾರುತ್ತದಲ್ಲ, ಅದು. ಆ ಕಿಡಿ ಪೋರ್ಟಿನ ಕವಚಕ್ಕೆ ತಗುಲಿದಾಗ ಪ್ಲೇಟ್ ಮೂಲಕ ಕ್ಯಾಬಿನೆಟ್ಟಿಗೆ ಹತ್ತಿರದ ದಾರಿ ಸಿಗುತ್ತದೆ. ಪ್ಲೇಟ್ ಇಲ್ಲದಿದ್ದರೆ ಅದು ಬೋರ್ಡಿನ ಮೇಲೇ ಹಾದು ಸ್ಕ್ರೂಗಳವರೆಗೆ ಹೋಗಬೇಕು. ಅಂದಹಾಗೆ ಕ್ಯಾಬಿನೆಟ್ ಮುಟ್ಟಿದಾಗಲೆಲ್ಲ ಜುಮ್ ಅನ್ನುತ್ತಿದ್ದರೆ ಅದು ಬೇರೆ ರೋಗ. ಹೆಚ್ಚಾಗಿ ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಸರಿಯಿಲ್ಲ ಅಂತ ಅರ್ಥ, ಅದನ್ನು ಈ ತಗಡು ವಾಸಿ ಮಾಡುವುದಿಲ್ಲ, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಕೂರಿಸುವುದು

ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ತೆರೆದ ಬದಿ ಮೇಲೆ ಬರುವಂತೆ ಮಲಗಿಸಿ. ಹಳೆಯ ಪ್ಲೇಟ್ ಇದ್ದರೆ ಹೊರಗಡೆಯಿಂದ ಅದರ ಒಂದು ಮೂಲೆಯನ್ನು ಹೆಬ್ಬೆರಳಿನಲ್ಲಿ ಒಳಕ್ಕೆ ಒತ್ತಿದರೆ ಕಳಚಿಕೊಳ್ಳುತ್ತದೆ. ಅಗ್ಗದ ಕೆಲವು ಕ್ಯಾಬಿನೆಟ್ಟುಗಳಲ್ಲಿ ಕಂಪನಿಯೇ ಒಂದು ತಗಡನ್ನು ಸಣ್ಣ ಸಣ್ಣ ಕೊಂಡಿಗಳಲ್ಲಿ ಅಂಟಿಸಿ ಕಳಿಸಿರುತ್ತದೆ, ಅದನ್ನು ಹಿಂದೆ ಮುಂದೆ ಅಲ್ಲಾಡಿಸಿ ಮುರಿಯಬೇಕು. ಅಂಚುಗಳು ಬ್ಲೇಡಿನಷ್ಟು ಚೂಪು, ಕೈಗೊಂದು ದಪ್ಪ ಬಟ್ಟೆ ಇರಲಿ. ಈ ಕೆಲಸದಲ್ಲಿ ರಕ್ತ ಬರುವುದು ಹೆಚ್ಚಾಗಿ ಇಲ್ಲೇ.

ಈಗ ಹೊಸ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಮುಖ ಸಪಾಟು, ಪೋರ್ಟುಗಳ ಗುರುತು ಅಚ್ಚಾಗಿರುತ್ತದೆ. ಅದು ಹೊರಗೆ ಕಾಣಬೇಕು. ಇನ್ನೊಂದು ಮುಖದಲ್ಲಿ ತೂತುಗಳ ಅಂಚಿನಿಂದ ಸಣ್ಣ ನಾಲಿಗೆಗಳು ಚಾಚಿಕೊಂಡಿರುತ್ತವೆ, ಇಲ್ಲವೇ ಸ್ಪಂಜಿನಂಥ ಪದರ ಅಂಟಿಸಿರುತ್ತಾರೆ. ಅದು ಒಳಗೆ, ಬೋರ್ಡಿನ ಕಡೆ. ಸುತ್ತಲೂ ಅಂಚಿನಲ್ಲಿ ಚಿಕ್ಕ ಚಿಕ್ಕ ಉಬ್ಬುಗಳಿರುತ್ತವೆ, ಕಿಂಡಿಯ ಅಂಚನ್ನು ಹಿಡಿಯುವುದು ಅವೇ.

ಯಾವುದು ಮೇಲೆ, ಯಾವುದು ಕೆಳಗೆ? ಮೂರೋ ಐದೋ ದುಂಡನೆಯ ತೂತುಗಳು ಗುಂಪಾಗಿರುವ ತುದಿ ಇದೆಯಲ್ಲ, ಅದು ಸ್ಪೀಕರ್ ಮತ್ತು ಮೈಕಿನದು. ಆ ತುದಿ ಗ್ರಾಫಿಕ್ಸ್ ಕಾರ್ಡ್ ಹಾಕುವ ಉದ್ದುದ್ದ ಪಟ್ಟಿಗಳ ಕಡೆಗೆ ಬರಬೇಕು. ಅನುಮಾನ ಬಂದರೆ ಬೋರ್ಡನ್ನೇ ಪಕ್ಕದಲ್ಲಿ ಹಿಡಿದು ಪೋರ್ಟುಗಳಿಗೆ ಪ್ಲೇಟನ್ನು ಒಮ್ಮೆ ಹೊಂದಿಸಿ ನೋಡಿ, ತಲೆಕೆಳಗಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಬೋರ್ಡಿಗೆ ಮೂರು ಆಡಿಯೋ ಪೋರ್ಟು, ತಗಡಿಗೆ ಆರು ತೂತು ಅಂತ ಕಂಡರೆ ಗಾಬರಿ ಬೇಡ. ಒಂದೇ ಪ್ಲೇಟನ್ನು ನಾಲ್ಕಾರು ಮಾಡೆಲ್ಲುಗಳಿಗೆ ಹಂಚುವುದು ಮಾಮೂಲು.

ಇನ್ನು ಒಳಗಿನಿಂದ ಹೊರಕ್ಕೆ ಒತ್ತುವುದು. ಹೊರಗಿನಿಂದ ಸಿಕ್ಕಿಸಲು ಬಹಳ ಜನ ಒದ್ದಾಡುತ್ತಾರೆ, ಅದು ಕೂರುವುದಿಲ್ಲ. ಪ್ಲೇಟಿನ ಸುತ್ತಲ ಅಂಚು ಕಿಂಡಿಗಿಂತ ಸ್ವಲ್ಪ ದೊಡ್ಡದು, ಅದು ಒಳಗೇ ತಡೆದು ನಿಲ್ಲಬೇಕು. ಒಳಗಡೆಯಿಂದ ಬೋರ್ಡು ಬಂದು ಅದನ್ನು ಒತ್ತಿ ಹಿಡಿಯುತ್ತದೆ. ಬೋರ್ಡು ಕೂತ ಮೇಲೆ ಪ್ಲೇಟ್ ತೂರಿಸಲು ಜಾಗವೇ ಉಳಿಯುವುದಿಲ್ಲ ಅನ್ನುವುದೂ ಇದರಿಂದಲೇ.

ಒತ್ತುವಾಗ ಹಳೆಯ ಸ್ಟೀಲ್ ಡಬ್ಬಿಯ ಮುಚ್ಚಳ ಹಾಕಿದ ಅನುಭವವೇ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಮೇಲೇಳುತ್ತದೆ. ಮೊದಲು ಒಂದು ಮೂಲೆಯನ್ನು ಟಕ್ ಅನ್ನುವವರೆಗೆ ಒತ್ತಿ, ಅಲ್ಲಿ ಬೆರಳಿಟ್ಟುಕೊಂಡೇ ಪಕ್ಕದ ಮೂಲೆಗೆ ಹೋಗಿ, ಆಮೇಲೆ ಎದುರಿನ ಎರಡಕ್ಕೆ. ಬೆರಳು ನೋಯುತ್ತಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಒತ್ತಿ. ನಡುವೆ ಮಾತ್ರ ಒತ್ತಬೇಡಿ, ತೂತುಗಳಿರುವ ಆ ಭಾಗ ಬೇಗ ಬಾಗುತ್ತದೆ, ಬಾಗಿದರೆ ಪೋರ್ಟುಗಳು ಸರಿಹೊಂದುವುದಿಲ್ಲ. ನಾಲ್ಕೂ ಮೂಲೆ ಕೂತ ಮೇಲೆ ಹೊರಗಿನಿಂದ ಬೆರಳಾಡಿಸಿ, ಸುತ್ತಲೂ ಒಂದೇ ಸಮ ಇರಬೇಕು.

ಆ ನಾಲಿಗೆಗಳು

ಇಡೀ ಕೆಲಸದಲ್ಲಿ ನಿಜವಾಗಿ ಹಾನಿ ಮಾಡಬಲ್ಲದ್ದು ಇದೊಂದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ನಾಲಿಗೆಗಳು ಸ್ಪ್ರಿಂಗಿನಂತೆ ಬಾಗಿ ಪೋರ್ಟಿನ ಲೋಹದ ಕವಚವನ್ನು ಹೊರಗಿನಿಂದ ಮುಟ್ಟಿಕೊಂಡಿರಬೇಕು. ಬೋರ್ಡನ್ನು ತಳ್ಳುವಾಗ ಒಂದು ನಾಲಿಗೆ ಕವಚದ ಹೊರಗೆ ಜಾರುವ ಬದಲು ಪೋರ್ಟಿನ ಬಾಯೊಳಗೇ ಮಡಚಿಕೊಂಡು ಹೋಗಿಬಿಡಬಹುದು. ಲ್ಯಾನ್ (ಇಂಟರ್ನೆಟ್ ಕೇಬಲ್) ಪೋರ್ಟಿನಲ್ಲಿ ಇದು ಜಾಸ್ತಿ, ಅದರ ಬಾಯಿ ದೊಡ್ಡದು. ಒಳಹೊಕ್ಕ ನಾಲಿಗೆ ಅಲ್ಲಿನ ಎಂಟು ತೆಳು ತಂತಿಗಳನ್ನು ಒತ್ತಿ ಬಾಗಿಸುತ್ತದೆ. ಯುಎಸ್‌ಬಿಗೆ ಹೊಕ್ಕರೆ ಇನ್ನೂ ಕೆಟ್ಟದ್ದು, ಅಲ್ಲಿ 5 ವೋಲ್ಟ್ ಹರಿಯುವ ಪಿನ್ ಇದೆ, ತಗಡು ಅದನ್ನು ಮುಟ್ಟಿದರೆ ಶಾರ್ಟ್. ಆನ್ ಮಾಡಿದ ಕೂಡಲೇ ಯುಎಸ್‌ಬಿಯಲ್ಲಿ ಓವರ್ ಕರೆಂಟ್ ಇದೆ, 15 ಸೆಕೆಂಡಿನಲ್ಲಿ ಆಫ್ ಆಗುತ್ತೇನೆ ಅಂತ ಕೆಲವು ಬೋರ್ಡುಗಳು ಕಪ್ಪು ಪರದೆಯ ಮೇಲೆ ಹೇಳುತ್ತವೆ. ಹೊಸ ಬೋರ್ಡೇ ಹಾಳು ಅಂತ ಅಂಗಡಿಗೆ ಓಡುವ ಮುಂಚೆ ಟಾರ್ಚ್ ಹಿಡಿದು ಹಿಂದಿನ ಪೋರ್ಟುಗಳೊಳಗೆ ಇಣುಕಿ ನೋಡಿ.

ಪ್ಲೇಟ್ ಕೂರಿಸುವ ಮೊದಲೇ ಪ್ರತಿ ನಾಲಿಗೆಯನ್ನು ಬೆರಳಿನಿಂದ ಬೋರ್ಡಿನ ಕಡೆಗೆ ಒಂದಿಷ್ಟು ಬಾಗಿಸಿ ಇಟ್ಟುಕೊಂಡರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. ತೂತಿಗೆ ಅಡ್ಡಲಾಗಿ ನಿಲ್ಲದೆ ಓರೆಯಾಗಿ ಒಳಮುಖವಾಗಿದ್ದರೆ ಪೋರ್ಟು ಅದರ ಕೆಳಗೆ ತಾನಾಗಿ ಜಾರುತ್ತದೆ. ಜೋರಾಗಿ ಹಿಂದೆ ಮುಂದೆ ಆಡಿಸಬೇಡಿ, ಬುಡದಲ್ಲಿ ಮುರಿದು ಆ ಚೂರು ಬೋರ್ಡಿನ ಮೇಲೆ ಬಿದ್ದರೆ ಅದನ್ನು ಹುಡುಕುವುದೇ ಇನ್ನೊಂದು ಕೆಲಸ.

ಬೋರ್ಡ್ ಇಳಿಸುವಾಗ

ಬೋರ್ಡನ್ನು ನೆಟ್ಟಗೆ ಮೇಲಿನಿಂದ ಇಳಿಸಲು ಹೋದರೆ ಪೋರ್ಟುಗಳು ತಗಡಿಗೆ ಉಜ್ಜುತ್ತವೆ. ಪೋರ್ಟಿನ ಕಡೆಯ ಅಂಚನ್ನು ಸ್ವಲ್ಪ ತಗ್ಗಿಸಿ, ಓರೆಯಾಗಿ ಪ್ಲೇಟಿನೊಳಗೆ ಮೂತಿ ತೂರಿಸಿ, ಆಮೇಲೆ ಉಳಿದ ಕಡೆಯನ್ನು ಮೆಲ್ಲಗೆ ಇಳಿಸಿ. ಅಡಿಯಲ್ಲಿ ಹಿತ್ತಾಳೆಯ ಕಂಬಗಳಿರುತ್ತವೆ, ಅವಕ್ಕೆ ಸ್ಟ್ಯಾಂಡ್‌ಆಫ್ ಅನ್ನುತ್ತಾರೆ, ಬೋರ್ಡು ನಿಲ್ಲುವುದು ಅವುಗಳ ಮೇಲೆ.

ಈಗ ಎಲ್ಲರಿಗೂ ಎದುರಾಗುವ ಒಂದು ಸಂಗತಿ. ಸ್ಕ್ರೂ ತೂತಿಗೂ ಕಂಬಕ್ಕೂ ಒಂದೆರಡು ಮಿಲಿಮೀಟರ್ ತಾಳೆಯಾಗುವುದಿಲ್ಲ. ಬೋರ್ಡು ತಪ್ಪು, ಕ್ಯಾಬಿನೆಟ್ ತಪ್ಪು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಹೆಚ್ಚಿನ ಸಲ ಎರಡೂ ಸರಿಯಾಗೇ ಇರುತ್ತವೆ, ಆ ನಾಲಿಗೆಗಳೆಲ್ಲ ಸೇರಿ ಬೋರ್ಡನ್ನು ಮುಂದಕ್ಕೆ ತಳ್ಳುತ್ತಿರುತ್ತವೆ ಅಷ್ಟೇ. ಒಂದು ಕೈಯಲ್ಲಿ ಬೋರ್ಡಿನ ಅಂಚನ್ನು ಪ್ಲೇಟಿನ ಕಡೆಗೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಮೊದಲ ಸ್ಕ್ರೂ ಹಾಕಿ. ಎಲ್ಲ ಸ್ಕ್ರೂಗಳನ್ನು ಸಡಿಲವಾಗಿ ಹಾಕಿಕೊಂಡು, ಹಿಂದಿನಿಂದ ಪೋರ್ಟುಗಳು ತೂತಿನ ನಡುವೆ ಇವೆಯಾ ನೋಡಿ, ಆಮೇಲೆ ಬಿಗಿಯಿರಿ.

ಪೋರ್ಟುಗಳು ತೂತಿಗಿಂತ ಒಂದು ಪಕ್ಕಕ್ಕೆ ಇಳಿದಂತೆ ಕಂಡರೆ ಪ್ಲೇಟನ್ನು ದೂರಬೇಡಿ. ಕಂಬಗಳನ್ನೇ ಹಾಕಿಲ್ಲ ಅಥವಾ ಎತ್ತರ ಬೇರೆಯದು ಹಾಕಿದ್ದೀರಿ. ಕಂಬವಿಲ್ಲದೆ ಬೋರ್ಡು ನೇರವಾಗಿ ತಗಡಿನ ಮೇಲೆ ಕೂತಿದ್ದರೆ ದಯವಿಟ್ಟು ಆನ್ ಮಾಡಬೇಡಿ, ಅಡಿಯ ಬೆಸುಗೆ ತುದಿಗಳೆಲ್ಲ ಶಾರ್ಟ್ ಆಗುತ್ತವೆ.

ಇಷ್ಟಾದ ಮೇಲೆ, ಉಳಿದ ವೈರುಗಳನ್ನು ಸಿಕ್ಕಿಸುವ ಮುಂಚೆ, ಒಂದು ಲ್ಯಾನ್ ಕೇಬಲ್, ಒಂದು ಪೆನ್‌ಡ್ರೈವ್, ಮಾನಿಟರ್ ಕೇಬಲ್ ಮೂರನ್ನು ಹಿಂದೆ ಚುಚ್ಚಿ ತೆಗೆಯಿರಿ. ಲ್ಯಾನ್ ಕೇಬಲ್ ಕ್ಲಿಕ್ ಅನ್ನಬೇಕು. ಯಾವುದಾದರೂ ಅರ್ಧಕ್ಕೆ ನಿಂತರೆ ಒತ್ತಾಯ ಮಾಡದೆ ಬೋರ್ಡ್ ಎತ್ತಿ ನೋಡುವುದು ಒಳ್ಳೆಯದು.

ಪ್ಲೇಟ್ ನಿಲ್ಲುತ್ತಲೇ ಇಲ್ಲ ಅಂದರೆ

ಎಟಿಎಕ್ಸ್ ಅಳತೆ ಪಟ್ಟಿಯ ಪ್ರಕಾರ ಕಿಂಡಿಯ ಸುತ್ತಲಿನ ತಗಡು ಸುಮಾರು 0.94ರಿಂದ 1.32 ಮಿ.ಮೀ. ದಪ್ಪ ಇರಬೇಕು. ಕಡಿಮೆ ಬೆಲೆಯ ಕ್ಯಾಬಿನೆಟ್ಟುಗಳ ತಗಡು ಇದಕ್ಕಿಂತ ತೆಳು. ಪ್ಲೇಟಿನ ಉಬ್ಬುಗಳಿಗೆ ಹಿಡಿತ ಸಿಗದೆ ಒಂದು ಮೂಲೆ ಕೂತರೆ ಇನ್ನೊಂದು ಬಿಟ್ಟುಕೊಳ್ಳುತ್ತದೆ. ಕಿಂಡಿಯ ಅಂಚು ಬಾಗಿದ್ದರೆ ಪ್ಲಯರ್ಸಿನಿಂದ ನೆಟ್ಟಗೆ ಮಾಡಿ. ಅದಾಗದಿದ್ದರೂ ಚಿಂತೆಯಿಲ್ಲ, ಹೊರಗಿನಿಂದ ಎರಡು ತುಂಡು ಟೇಪ್ ಹಚ್ಚಿ ತಾತ್ಕಾಲಿಕವಾಗಿ ನಿಲ್ಲಿಸಿ, ಬೋರ್ಡ್ ಬಿಗಿದ ಮೇಲೆ ಟೇಪ್ ಕೀಳಿ. ಆಗ ಬೋರ್ಡೇ ಅದನ್ನು ಹಿಡಿದಿರುತ್ತದೆ.

ಸ್ವಲ್ಪ ದುಬಾರಿ ಬೋರ್ಡುಗಳಲ್ಲಿ ಈಗ ಪ್ಲೇಟನ್ನು ಪೋರ್ಟುಗಳಿಗೆ ಮೊದಲೇ ಕೂರಿಸಿ ಕಳಿಸುತ್ತಾರೆ. ಬಾಕ್ಸಿನಲ್ಲಿ ಬಿಡಿ ತಗಡು ಸಿಗದಿದ್ದರೆ ಮೊದಲು ಬೋರ್ಡಿನ ಅಂಚನ್ನೇ ನೋಡಿ. ಅಂಥದ್ದಾದರೆ ಮೇಲೆ ಹೇಳಿದ ಅರ್ಧ ಕೆಲಸ ಇಲ್ಲ, ಬೋರ್ಡನ್ನು ಓರೆಯಾಗಿ ತಂದು ಆ ಅಂಚು ಕಿಂಡಿಯೊಳಗೆ ಸರಿಯಾಗಿ ಬರುವಂತೆ ಜಾರಿಸಿದರಾಯಿತು.

ಪ್ಲೇಟೇ ಕಳೆದುಹೋಗಿದ್ದರೆ

ಸೆಕೆಂಡ್‌ಹ್ಯಾಂಡ್ ಬೋರ್ಡುಗಳಲ್ಲಿ ಇದು ದಿನನಿತ್ಯದ ಕಥೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಹಳೆಯ ಬೋರ್ಡು ಕೊಳ್ಳುವಾಗ ಚೌಕಾಸಿ ಮುಗಿಯುವ ಮುಂಚೆಯೇ ಪ್ಲೇಟ್ ಇದೆಯಾ ಅಂತ ಕೇಳಿ, ದುಡ್ಡು ಕೊಟ್ಟ ಮೇಲೆ ಕೇಳಿದರೆ ಸಿಗುವುದು ಕಷ್ಟ. ಬಿಡಿಯಾಗಿ ಆನ್‌ಲೈನಿನಲ್ಲೂ ಮಾರುತ್ತಾರೆ. ಬೋರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಮಾಡೆಲ್ ಹೆಸರಿನ ಜೊತೆಗೆ ರಿವಿಷನ್ ನಂಬರನ್ನೂ ನೋಡಿಕೊಳ್ಳಿ, ಗಿಗಾಬೈಟ್ ಬೋರ್ಡುಗಳಲ್ಲಿ ಅದು ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಹೆಸರು ಒಂದೇ ಇದ್ದರೂ ರಿವಿಷನ್ ಬದಲಾದಾಗ ಪೋರ್ಟುಗಳ ಜಾಗ ಬದಲಾಗಿರಬಹುದು. ಮಾರುವವರ ಫೋಟೋವನ್ನು ನಿಮ್ಮ ಬೋರ್ಡಿನ ಪೋರ್ಟುಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡುವುದೇ ನಂಬಬಹುದಾದ ದಾರಿ.

ಅದೂ ಸಿಗದಿದ್ದರೆ 3ಡಿ ಪ್ರಿಂಟ್ ಮಾಡಿಸಬಹುದು. ಪ್ಲಾಸ್ಟಿಕ್ ಆದ್ದರಿಂದ ಅಲೆಗಳನ್ನೂ ಕಿಡಿಯನ್ನೂ ತಡೆಯುವುದಿಲ್ಲ, ಧೂಳು, ಜಿರಳೆ ತಡೆಯುತ್ತದೆ. ದಪ್ಪ ರಟ್ಟು ಕತ್ತರಿಸಿ ಹೊರಗಿನಿಂದ ಅಂಟಿಸಿದರೂ ಅಷ್ಟು ಕೆಲಸ ಆಗುತ್ತದೆ. ಅಲ್ಯೂಮಿನಿಯಂ ಫಾಯಿಲ್ ಮಾತ್ರ ಬೇಡ. ಲೋಹ ಅಲ್ವಾ, ಒಳ್ಳೆಯದೇ ಅನ್ನಿಸುತ್ತದೆ, ಆದರೆ ಅದರ ಹರಿದ ಚೂರು ಒಳಗೆ ಬಿದ್ದರೆ ಬೋರ್ಡಿಗೇ ಅಪಾಯ.